ಕಡಲಾಚೆಯ ಮದುವೆಯೂ ಕಾಯಿಲೆಯ ವಿಮೆಯೂ

ಕಳೆದ ವಾರ ನೂಲಿನ ಗಿರಣಿಯ ಕಾರ್ಮಿಕ ಬಂಧುವೊಬ್ಬರು ರಾತ್ರಿ ಪಾಳಿ ಮುಗಿಸಿಕೊಂಡು ನೇರವಾಗಿ ನಮ್ಮ ಕಚೇರಿಗೆ ಬಂದರು. ಬೋನಸ್ಸಿನ ತಕರಾರೋ ರಜೆಯ ಸಂಬಳದ ವಿಷಯವೋ ಇರಬೇಕೆಂದು ನಾವು ಕಾಗದ ತೆಗೆದುಕೊಂಡು ಕುಳಿತೆವು. ಅವರು ತಂದಿದ್ದುದು ಮಗಳ ಮದುವೆಯ ಚಿಂತೆ.

ಹುಡುಗಿಗೆ ಇಪ್ಪತ್ತನಾಲ್ಕು ವರ್ಷ. ಹನ್ನೊಂದನೆಯ ವಯಸ್ಸಿನಲ್ಲೇ ಆಕೆಗೆ ಸಕ್ಕರೆ ಕಾಯಿಲೆ ಬಂದಿತು. ವಯಸ್ಸಾದವರಿಗೆ ಬರುವ ಸಾಮಾನ್ಯ ಬಗೆಯದಲ್ಲ; ಮೈಯೇ ಇನ್ಸುಲಿನ್ ಉತ್ಪತ್ತಿಯನ್ನು ನಿಲ್ಲಿಸಿಬಿಡುವ ಬಗೆ. ದಿನವೂ ಚುಚ್ಚಿಕೊಳ್ಳಲೇಬೇಕು, ಕೆಲವು ದಿನ ತಪ್ಪಿದರೆ ಪ್ರಾಣಕ್ಕೇ ಅಪಾಯ. ಹದಿಮೂರು ವರ್ಷಗಳಿಂದ ತಂದೆಯ ಇ.ಎಸ್.ಐ. ಕಾರ್ಡಿನ ಮೇಲೆ ಆಕೆಯ ಔಷಧ ನಡೆದುಬಂದಿದೆ. ಈಗ ಅಮೆರಿಕದಲ್ಲಿ ಕೆಲಸ ಮಾಡುವ, ದೂರದ ನಂಟಿನ ಹುಡುಗನೊಬ್ಬ ಎಲ್ಲವನ್ನೂ ತಿಳಿದೇ ಮದುವೆಗೆ ಒಪ್ಪಿದ್ದಾನೆ.

"ಹುಡುಗ ಒಳ್ಳೆಯವನು ಸಾರ್. ಆದರೆ ಅವರ ದೊಡ್ಡಪ್ಪನವರು, ಅಲ್ಲಿ ಇನ್ಶೂರೆನ್ಸಿನವರು ಮೊದಲೇ ಇದ್ದ ಕಾಯಿಲೆಗೆ ಕಾಸು ಕೊಡೋದಿಲ್ಲ, ಆ ಖರ್ಚಿಗೆ ಅಂತ ನೀವೊಂದು ಹತ್ತು ಲಕ್ಷ ಇಡಬೇಕಾಗುತ್ತೆ ಅಂದರು. ನಾನು ಎಲ್ಲಿಂದ ತರಲಿ? ನನ್ನ ಭಾವಮೈದ, ಫಾರಂನಲ್ಲಿ ಕಾಯಿಲೆ ಇಲ್ಲ ಅಂತಲೇ ಬರೆದುಬಿಡಿ ಭಾವ ಅಂತಾನೆ. ನೀವು ನಾಲ್ಕು ಕಾಗದ ಓದಿದವರು, ಹೇಳಿ ಸಾರ್" ಎಂದರು.

ಇದು ಒಂದು ಮನೆಯ ಮಾತಲ್ಲ. ಗಿರಣಿ ಕೆಲಸಗಾರರ ಮಕ್ಕಳೂ ಅಂಗಡಿಕಾರರ ಮಕ್ಕಳೂ ಓದಿ ಹೊರದೇಶಕ್ಕೆ ಹೋಗುತ್ತಿರುವ ಕಾಲ ಇದು. ಆದುದರಿಂದ ಆ ಬಂಧುವಿಗೆ ಹೇಳಿದ್ದನ್ನು ಓದುಗರೆಲ್ಲರ ಮುಂದೆಯೂ ಇಡುತ್ತೇವೆ.

ಮೊದಲು ಹತ್ತು ಲಕ್ಷದ ಮಾತು. ಔಷಧದ ಹೆಸರಿನಲ್ಲಿ ಕೇಳಿದರೂ, ಮದುವೆಗಾಗಿ ಹೆಣ್ಣಿನವರಿಂದ ಕೇಳುವ ಹಣ ವರದಕ್ಷಿಣೆಯೇ. ಅದನ್ನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ 1961ರ ಕಾಯಿದೆ ಅಪರಾಧವೆಂದಿದೆ. ಇನ್ನು ಆ ದೊಡ್ಡಪ್ಪನವರು ಹೇಳಿದ ಕಾರಣ ಒಂದು ಕಾಲಕ್ಕೆ ನಿಜವಾಗಿತ್ತು, ಈಗ ಸುಳ್ಳು. 2014ಕ್ಕೆ ಮುಂಚೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ, ತಾನಾಗಿ ವಿಮೆ ಕೊಳ್ಳಲು ಹೋದವನಿಗೆ ಹಳೆಯ ಕಾಯಿಲೆಯಿದ್ದರೆ ಕಂಪನಿ ಬಾಗಿಲು ಹಾಕಬಹುದಾಗಿತ್ತು, ಇಲ್ಲವೆ ದುಪ್ಪಟ್ಟು ಕಂತು ಕೇಳಬಹುದಾಗಿತ್ತು. 2010ರ ಮಾರ್ಚಿಯಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಆರೋಗ್ಯ ಕಾಯಿದೆ 2014ರ ಜನವರಿ 1ರಿಂದ ಇದನ್ನು ನಿಷೇಧಿಸಿತು. ಆ ಕಾಯಿದೆಗೆ ಒಳಪಟ್ಟ ವಿಮೆಯಲ್ಲಿ ಕಾಯಿಲೆಯ ಕಾರಣಕ್ಕೆ ನಿರಾಕರಿಸುವಂತಿಲ್ಲ, ಕಂತು ಏರಿಸುವಂತಿಲ್ಲ, ಆ ಕಾಯಿಲೆಯನ್ನು ಮಾತ್ರ ಹೊರಗಿಡುವಂತಿಲ್ಲ. 2017ರಲ್ಲಿ ಈ ಕಾಯಿದೆಯನ್ನು ಮುರಿಯುವ ಪ್ರಯತ್ನ ನಡೆದಾಗ ಅಲ್ಲಿನ ಸೆನೆಟ್ಟಿನಲ್ಲಿ 49ಕ್ಕೆ 51 ಮತಗಳಿಂದ ಅದು ಬಿದ್ದುಹೋಯಿತು.

ಎರಡನೆಯದು ಭಾವಮೈದನ ಸಲಹೆ. ಕಾಯಿಲೆ ಮುಚ್ಚಿಡುವುದು ಬೇಡವೇ ಬೇಡ. ಎಲ್ಲಿ ಕಾಯಿಲೆ ಕೇಳುವ ಹಕ್ಕು ಕಂಪನಿಗಿಲ್ಲವೋ ಅಲ್ಲಿ ಸುಳ್ಳಿನ ಅಗತ್ಯವಿಲ್ಲ. ಎಲ್ಲಿ ಆ ಹಕ್ಕಿದೆಯೋ ಅಲ್ಲಿ ಸುಳ್ಳು ಬರೆದವನಿಗೆ ಆಸ್ಪತ್ರೆಯ ಬಿಲ್ಲು ಬಂದ ದಿನ ಹಣ ಸಿಕ್ಕುವುದಿಲ್ಲ. ಕಂತು ಕಟ್ಟಿದ್ದೂ ಹೋಯಿತು, ವಿಮೆಯೂ ಹೋಯಿತು.

ಆದರೆ ಕಾಯಿದೆ ಇದ್ದ ಮಾತ್ರಕ್ಕೆ ಔಷಧ ತಾನಾಗಿ ಮನೆಗೆ ಬರುವುದಿಲ್ಲ. ಬಾಗಿಲು ತೆರೆದಿರುವ ದಿನಗಳು ಎಣಿಕೆಯವು. ಹುಡುಗನ ಕಂಪನಿಯ ವಿಮೆಗೆ ಹೆಂಡತಿಯನ್ನು ಸೇರಿಸಲು ಮದುವೆಯಾದ ಮೇಲೆ ಕನಿಷ್ಠ 30 ದಿನಗಳ ಅವಕಾಶವನ್ನು ಕಾಯಿದೆ ಕೊಡುತ್ತದೆ. ಈ ಲೆಕ್ಕ ಮದುವೆಯ ದಿನದಿಂದ. ವಿಮಾನ ಇಳಿದ ದಿನದಿಂದಲ್ಲ. ಇಲ್ಲಿ ಧಾರೆಯಾಗಿ, ವೀಸಾಕ್ಕೆಂದು ನಾಲ್ಕು ತಿಂಗಳು ಕಾದು ಹೋದರೆ ಆ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು ಮಾತು: ಹೆಂಡತಿಯನ್ನು ಸೇರಿಸಿಕೊಳ್ಳಲೇಬೇಕೆಂಬ ಕಟ್ಟಳೆ ಕಂಪನಿಯ ಮೇಲಿಲ್ಲ. ಬಹಳಷ್ಟು ಕಂಪನಿಗಳು ಸೇರಿಸಿಕೊಳ್ಳುತ್ತವೆ, ಅಷ್ಟೆ. ಆದುದರಿಂದ ಲಗ್ನಪತ್ರಿಕೆ ಅಚ್ಚಾಗುವ ಮುಂಚೆಯೇ ಹುಡುಗನು ತನ್ನ ಕಂಪನಿಯನ್ನು ಬರಹದಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆಯಬೇಕು.

ಆ ಬಾಗಿಲು ತಪ್ಪಿದರೆ ಕಾಯಿದೆಯ ಪ್ರಕಾರ ಏರ್ಪಟ್ಟಿರುವ ವಿಮಾ ಮಾರುಕಟ್ಟೆಯಿದೆ. ಹೊರದೇಶದಿಂದ ಬಂದು ನೆಲೆಸಿದವರು 60 ದಿನಗಳೊಳಗೆ ಅಲ್ಲಿ ವಿಮೆ ಆರಿಸಿಕೊಳ್ಳಬಹುದು. ಎಚ್-4 ವೀಸಾದ ಹೆಂಡತಿಗೂ ಅಲ್ಲಿ ಪ್ರವೇಶವುಂಟು. ಆದರೆ ಕಂತಿಗೆ ಸರ್ಕಾರ ಕೊಡುವ ಸಹಾಯಧನವು 2027ರ ಜನವರಿಯಿಂದ ಇಂಥ ವೀಸಾದವರಿಗೆ ಇಲ್ಲವೆಂದು 2025ರಲ್ಲಿ ಅಲ್ಲಿನ ಸಂಸತ್ತು ಕಾಯಿದೆ ಮಾಡಿದೆ. ಬಡವರ ಸರ್ಕಾರಿ ವೈದ್ಯ ಸಹಾಯವಂತೂ, 1996ರ ಕಾಯಿದೆಯಂತೆ, ಗ್ರೀನ್ ಕಾರ್ಡು ಪಡೆದ ಹೆಚ್ಚಿನವರಿಗೆ ಸಹ ಐದು ವರ್ಷ ಕಳೆಯುವವರೆಗೆ ದೊರೆಯುವುದಿಲ್ಲ.

ದೊಡ್ಡ ಮೋಸ ಇರುವುದು ಬೇರೆ ಕಡೆ. ಹೊರಡುವ ಗಡಿಬಿಡಿಯಲ್ಲಿ ಏಜೆಂಟರು ಪ್ರವಾಸಿ ವಿಮೆ ಎಂಬುದನ್ನು ಅಗ್ಗದಲ್ಲಿ ಮಾರುತ್ತಾರೆ. ಇದಕ್ಕೂ, ಅಲ್ಪಾವಧಿ ವಿಮೆಗೂ ಮೇಲೆ ಹೇಳಿದ ಕಾಯಿದೆ ತಗಲುವುದಿಲ್ಲ. ಮೊದಲೇ ಇದ್ದ ಕಾಯಿಲೆ ಸೇರಿಲ್ಲವೆಂದು ಸಣ್ಣಕ್ಷರದಲ್ಲಿ ಬರೆದೇ ಇರುತ್ತದೆ. ದಾರಿಯಲ್ಲಿ ಕೈಕಾಲು ಮುರಿದರೆ ಆದೀತು. ದಿನದ ಇನ್ಸುಲಿನ್ನಿಗೆ ಆಗದು. ವಿಮೆ ಶುರುವಾಗುವವರೆಗಿನ ಔಷಧವನ್ನು ಡಾಕ್ಟರ ಚೀಟಿಯೊಡನೆ ಕೈಚೀಲದಲ್ಲಿಟ್ಟುಕೊಂಡೇ ವಿಮಾನ ಹತ್ತಬೇಕು. ಪೆಟ್ಟಿಗೆಯಲ್ಲಿ ಹಾಕಿ ವಿಮಾನದ ಸರಕಿನ ಕೋಣೆಗೆ ಕಳುಹಿಸಿದರೆ ಅಲ್ಲಿನ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಟ್ಟುಹೋಗಬಹುದು.

ಇಷ್ಟು ಹೇಳಿದಾಗ ನಮ್ಮ ಬಂಧು ಕೇಳಿದರು: "ಹಾಗಾದರೆ ಅಳಿಯನ ಕೆಲಸ ಹೋದರೆ?"

ಮೂವತ್ತು ವರ್ಷ ಗಿರಣಿಯಲ್ಲಿ ದುಡಿದವನಿಗೆ ಹೊಳೆಯುವ ಪ್ರಶ್ನೆ ಇದು. ಉತ್ತರ ಸಿಹಿಯಾದುದಲ್ಲ. ಎಚ್-1ಬಿ ವೀಸಾದವನ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಇಪ್ಪತ್ತಕ್ಕೆ ಕಡಿಮೆಯಿಲ್ಲದ ಕೆಲಸಗಾರರಿದ್ದ ಕಂಪನಿಯಾದರೆ ಹಳೆಯ ವಿಮೆಯನ್ನು 18 ತಿಂಗಳವರೆಗೆ ಮುಂದುವರಿಸುವ ಹಕ್ಕುಂಟು. ಆದರೆ ಧಣಿಯ ಪಾಲೂ ಸೇರಿ ಪೂರ್ತಿ ಕಂತನ್ನು, ಮೇಲೆ ಶೇಕಡಾ 2ರವರೆಗೆ ಖರ್ಚನ್ನೂ, ಕೆಲಸವಿಲ್ಲದವನೇ ಕಟ್ಟಬೇಕು. ಹೆಂಡತಿಯ ಔಷಧ ಗಂಡನ ಕೆಲಸಕ್ಕೆ ಗಂಟುಬಿದ್ದಿದೆ, ಗಂಡನ ಕೆಲಸ ಧಣಿಯ ಮರ್ಜಿಗೆ. ಅಷ್ಟೇ ಅಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯು, ವೀಸಾ ಕೇಳುವವರ ಸಕ್ಕರೆ ಕಾಯಿಲೆ, ಹೃದ್ರೋಗ ಮುಂತಾದವುಗಳ ಖರ್ಚನ್ನೂ ತೂಗಿನೋಡಿರೆಂದು ತನ್ನ ಅಧಿಕಾರಿಗಳಿಗೆ ಸೂಚಿಸಿದುದಾಗಿ ವರದಿಯಾಯಿತು. ವಿಮಾ ಕಂಪನಿ ಕೇಳಬಾರದ ಪ್ರಶ್ನೆಯನ್ನು ವೀಸಾ ಅಧಿಕಾರಿ ಕೇಳುವಂತಾಯಿತು. ಕೆನಡಾ ಹಾಗೆ ಮಾಡಿಲ್ಲ. 2002ರಲ್ಲಿ ಜಾರಿಗೆ ಬಂದ ಅಲ್ಲಿನ ವಲಸೆ ಕಾಯಿದೆ, ಆರೋಗ್ಯ ಸೇವೆಗೆ ಹೆಚ್ಚು ಹೊರೆಯಾಗುವರೆಂಬ ಕಾರಣಕ್ಕೆ ಪ್ರಜೆಯ ಅಥವಾ ಕಾಯಂ ನಿವಾಸಿಯ ಹೆಂಡತಿಯನ್ನೋ ಗಂಡನನ್ನೋ ತಡೆಯಬಾರದೆಂದು ವಿನಾಯಿತಿ ಕೊಟ್ಟಿದೆ.

ಬ್ರಿಟನ್ನಿಗೆ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳೂ ನಮ್ಮಲ್ಲಿದ್ದಾರೆ. ಅಲ್ಲಿಯ ವ್ಯವಸ್ಥೆ ಬೇರೆ. ಎಳೆಯ ವಯಸ್ಸಿನಲ್ಲೇ ಕಲ್ಲಿದ್ದಲ ಗಣಿಗೆ ಇಳಿದಿದ್ದ ಅನ್ಯೂರಿನ್ ಬೆವನ್, ಲೇಬರ್ ಸರ್ಕಾರದ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಅವರ ಊರಾದ ಟ್ರೆಡೀಗರ್‌ನಲ್ಲಿ ಗಣಿಯವರೂ ಉಕ್ಕಿನ ಕೆಲಸದವರೂ ಸಂಬಳದಿಂದ ಪುಡಿಗಾಸು ಕೂಡಿಸಿ ವೈದ್ಯರನ್ನು ಇಟ್ಟುಕೊಂಡಿದ್ದ ಸಂಘವೇ ಅವರ ಕಣ್ಣ ಮುಂದಿನ ಮಾದರಿ. ಅಲ್ಲಿ ಮದುವೆ ವೀಸಾದಲ್ಲಿ ಇಳಿದ ಹೆಣ್ಣುಮಗಳನ್ನು "ನಿನಗೆ ಮೊದಲೇ ಏನು ಕಾಯಿಲೆ" ಎಂದು ಕೇಳಿ ಔಷಧ ನಿರಾಕರಿಸುವುದಿಲ್ಲ. ಇನ್ಸುಲಿನ್ ಬೇಕಾದವರಿಗೆ ಔಷಧದ ಚೀಟಿಯ ಶುಲ್ಕವೂ ಇಲ್ಲ. ಆದರೆ ಅಲ್ಲಿಯೂ ಈಗ ಹೆಬ್ಬಾಗಿಲಲ್ಲಿ ಸುಂಕ ಕಟ್ಟೆ ಎದ್ದಿದೆ. ವಲಸಿಗರ ಮೇಲೆ 2015ರಲ್ಲಿ ವರ್ಷಕ್ಕೆ 200 ಪೌಂಡಿನಂತೆ ಹಾಕಿದ ಆರೋಗ್ಯ ಶುಲ್ಕವನ್ನು 2024ರ ಫೆಬ್ರವರಿಯಲ್ಲಿ 1,035 ಪೌಂಡಿಗೆ ಏರಿಸಿದರು. ಮದುವೆ ವೀಸಾಕ್ಕೆ ಮೂರು ವರ್ಷದ ಲೆಕ್ಕದಲ್ಲಿ 3,105 ಪೌಂಡು ಮುಂಗಡವಾಗಿ ತೆರಬೇಕು. ಆಮೇಲೆ ದುಡಿದು ತೆರಿಗೆಯನ್ನೂ ಕಟ್ಟಬೇಕು. ಒಂದೇ ಔಷಧಕ್ಕೆ ಎರಡು ಬಾರಿ ಹಣ ಪಡೆಯುವುದು ಯಾವ ನ್ಯಾಯ? ಹಲ್ಲುಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ಹಾಕಿದರೆಂದು 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟ ಬೆವನ್ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ!

ಈಗ ವಿಮಾ ಕಂಪನಿಯವರ ವಾದವನ್ನೂ ಕೇಳೋಣ. "ಮನೆಗೆ ಬೆಂಕಿ ಬಿದ್ದ ಮೇಲೆ ವಿಮೆ ಕೊಳ್ಳಲು ಬಂದರೆ ಯಾರು ಕೊಟ್ಟಾರು? ಕಾಯಿಲೆ ಬಂದ ಮೇಲೆ ಬರುವವರೂ ಹಾಗೆಯೇ" ಎಂದು ಅವರ ಮಾತು. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಕಾಯಿಲೆಯವರಷ್ಟೇ ಸೇರಿ ಗಟ್ಟಿಮುಟ್ಟಾದವರು ಹೊರಗುಳಿದರೆ ಯಾವ ನಿಧಿಯೂ ಬಾಳದು. ಆದರೆ ಅದಕ್ಕೆ ಪರಿಹಾರ ಕಾಯಿಲೆಯವರನ್ನು ಹೊರದಬ್ಬುವುದಲ್ಲ, ಎಲ್ಲರನ್ನೂ ಒಳತರುವುದು. ಈ ಸತ್ಯವನ್ನು ಸಮಾಜವಾದಿಗಳ ಕಡುವೈರಿ ಬಿಸ್ಮಾರ್ಕನೇ ಕಂಡುಕೊಂಡಿದ್ದ. 1883ರಲ್ಲಿ ಅವನು ಜರ್ಮನಿಯಲ್ಲಿ ಕಾರ್ಮಿಕರ ಕಾಯಿಲೆ ವಿಮೆಯನ್ನು ಕಡ್ಡಾಯ ಮಾಡಿದ. ಇಂದಿಗೂ ಅಲ್ಲಿಯ ಕಾನೂನುಬದ್ಧ ವಿಮೆಯಲ್ಲಿರುವ ಗಂಡನ ಜೊತೆಗೆ, ಸ್ವಂತ ವರಮಾನವಿಲ್ಲದ ಹೆಂಡತಿ ಬೇರೆ ಕಂತಿಲ್ಲದೆ, ಕಾಯಿಲೆಯ ಪ್ರಶ್ನೆಯಿಲ್ಲದೆ ಸೇರುತ್ತಾಳೆ.

ಅಷ್ಟು ದೂರವಾದರೂ ಏಕೆ ಹೋಗಬೇಕು? ನಮ್ಮ ಗಿರಣಿಯ ಇ.ಎಸ್.ಐ. ಕಾರ್ಡೇ ಸಾಕ್ಷಿ. 1948ರ ಕಾಯಿದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿಯೂ ದೆಹಲಿಯಲ್ಲಿಯೂ ಆರಂಭವಾದ ಯೋಜನೆ ಇದು. 2019ರ ಜುಲೈಯಿಂದ ಕೆಲಸಗಾರನದು ಸಂಬಳದ ಶೇಕಡಾ 0.75, ಧಣಿಯದು ಶೇಕಡಾ 3.25. ಸೇರುವಾಗ ಯಾವ ವೈದ್ಯನೂ ಬಂದು ಕೆಲಸಗಾರನ ಮನೆಯವರ ರಕ್ತ ತೆಗೆದು ನೋಡುವುದಿಲ್ಲ. ಗಟ್ಟಿಮುಟ್ಟಾದ ಸಾವಿರ ಜನರ ಪುಡಿಗಾಸು ಕಾಯಿಲೆಯ ಒಬ್ಬಳನ್ನು ಹದಿಮೂರು ವರ್ಷ ಬದುಕಿಸಿತು. ಇದರ ಆಸ್ಪತ್ರೆಗಳಲ್ಲಿ ಸಾಲು ಉದ್ದ, ಔಷಧದ ಕೊರತೆಯೂ ಉಂಟು, ಅದಕ್ಕಾಗಿ ಹೋರಾಡಬೇಕು. ಆದರೆ ಅದರ ನೀತಿ ಸರಿಯಾದುದು.

ಆ ನೀತಿ ಎಲ್ಲಿಯವರೆಗೆ? ಕಾಯಿದೆ ಕುಟುಂಬವೆಂದು ಎಣಿಸುವುದು ಮದುವೆಯಾಗದ ಮಗಳನ್ನು. ತಾಳಿ ಬಿದ್ದ ದಿನ ಆಕೆ ತಂದೆಯ ಕಾರ್ಡಿನಿಂದ ಹೊರಗೆ. ಇನ್ನು ಅದೇ ಗಿರಣಿಯ ಎದುರಿಗಿರುವ ಕಿರಾಣಿ ಅಂಗಡಿಯವನಿಗೂ ಚಹದ ಅಂಗಡಿಯವನಿಗೂ ಆ ಕಾರ್ಡೇ ಇಲ್ಲ. ಅವರು ಖಾಸಗಿ ವಿಮೆಗೆ ಹೋದರೆ ಅಮೆರಿಕದ ಹಳೆಯ ಪ್ರಶ್ನೆಯೇ ಇಲ್ಲಿ ಎದುರಾಗುತ್ತದೆ. ಮೊದಲೇ ಇದ್ದ ಕಾಯಿಲೆಗೆ 48 ತಿಂಗಳವರೆಗೆ ಕಾಯಿಸಬಹುದಾಗಿದ್ದುದನ್ನು 2024ರಲ್ಲಿ ವಿಮಾ ಪ್ರಾಧಿಕಾರ 36 ತಿಂಗಳಿಗೆ ಇಳಿಸಿತು. ಮೂರು ವರ್ಷ ಇನ್ಸುಲಿನ್ ಇಲ್ಲದೆ ಕಾಯಬಲ್ಲವರು ಯಾರು? 2018ರ ಆಯುಷ್ಮಾನ್ ಯೋಜನೆ ಹಳೆಯ ಕಾಯಿಲೆಯನ್ನು ಮೊದಲ ದಿನದಿಂದಲೇ ಒಪ್ಪುತ್ತದೆ, ಸಂತೋಷ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ದಿನದಿನದ ಔಷಧ ಅದರಿಂದ ನಡೆಯದು.

ಇನ್ಸುಲಿನ್ನನ್ನು 1921ರಲ್ಲಿ ಕಂಡುಹಿಡಿದವನು ಬ್ಯಾಂಟಿಂಗ್ ಎಂಬ ಕೆನಡಾದ ವೈದ್ಯ. ಅವನ ಸಂಗಡಿಗರು 1923ರಲ್ಲಿ ಅದರ ಪೇಟೆಂಟನ್ನು ತಲೆಗೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಂಥ ಔಷಧವನ್ನು ಕೊಳ್ಳಲಾರದೆ ಅಳೆದಳೆದು ಚುಚ್ಚಿಕೊಂಡು ಸತ್ತವರು ಶ್ರೀಮಂತ ಅಮೆರಿಕದಲ್ಲೇ ಇದ್ದಾರೆ. ಕೊರತೆ ಔಷಧದ್ದಲ್ಲ, ಹಂಚಿಕೆಯದು.

ಆದುದರಿಂದ ನಾವು ಕೇಳುವುದು ಇಷ್ಟು. ಇ.ಎಸ್.ಐ.ಯ ನೀತಿ ಸಣ್ಣ ವ್ಯಾಪಾರಿಗೂ ಅವನ ಅಂಗಡಿಯ ಹುಡುಗನಿಗೂ ವಿಸ್ತರಿಸಲಿ; ಶಕ್ತ್ಯನುಸಾರ ಕಂತು, ಅಗತ್ಯಾನುಸಾರ ಔಷಧ. ಮಗಳು ಮದುವೆಯಾದರೂ, ಗಂಡನ ಕಡೆಯ ವಿಮೆ ಕೈಗೆ ಬರುವವರೆಗೆ ಆಕೆಯ ಔಷಧ ತಂದೆಯ ಕಾರ್ಡಿನ ಮೇಲೆ ನಡೆಯಲಿ. ಹೊರದೇಶಕ್ಕೆ ಹೋಗುವವರಿಗೆ ಆಯಾ ದೇಶದ ವಿಮೆಯ ಕಟ್ಟಳೆಗಳನ್ನು ಕನ್ನಡದಲ್ಲಿ ತಿಳಿಸುವ ವ್ಯವಸ್ಥೆಯನ್ನು ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರ ಮಾಡಲಿ. ಏಜೆಂಟನ ಬಾಯಿಂದ ಕಾಯಿದೆ ಕಲಿಯುವ ಗತಿ ದುಡಿಯುವ ಜನಕ್ಕೆ ಬರಬಾರದು.

ಹುಡುಗ ತನ್ನ ಕಂಪನಿಗೆ ಕಾಗದ ಬರೆದು ಉತ್ತರಕ್ಕಾಗಿ ಕಾದಿದ್ದಾನೆ. ಉತ್ತರ ಬಂದ ಮೇಲೆಯೇ ಲಗ್ನ ಗೊತ್ತುಮಾಡುವುದೆಂದು ನಮ್ಮ ಬಂಧು ಬೀಗರಿಗೆ ಹೇಳಿಕಳುಹಿಸಿದ್ದಾರೆ. ಹತ್ತು ಲಕ್ಷದ ಮಾತಿಗೆ ಹುಡುಗಿಯೇ ಉತ್ತರ ಕೊಟ್ಟಳಂತೆ: "ನನ್ನ ಔಷಧಕ್ಕೆ ಅಪ್ಪನ ಮನೆ ಮಾರುವ ಹಾಗಿದ್ದರೆ ಈ ಮದುವೆಯೇ ಬೇಡ." ಅವಳ ಮಾತಿನಲ್ಲಿ ತಪ್ಪಿಲ್ಲ. ಬದುಕಿರಲು ಬೇಕಾದ ಔಷಧ ಮದುವೆಯ ಚೌಕಾಸಿಗೆ ಬರಬೇಕಾದ ವಸ್ತುವಲ್ಲ.