ಕಾರಿಗೆ ಮಹಡಿ, ನಮಗೆ ಬಿಸಿಲು



ಬೆಂಗಳೂರಿಗೆ ಆಫೀಸ್ ಕೆಲಸ ಇರಲಿ, ಧರಣಿ ಇರಲಿ, ನಮ್ಮವರೂ ಈಗ ಮೊದಲು ಕೇಳೂದು: "ಯಾರ ಕಾರು ಐತಿ?" ಫ್ರೀಡಂ ಪಾರ್ಕ್ ಪಕ್ಕದಲ್ಲೇ ಬಹುಮಹಡಿ ಪಾರ್ಕಿಂಗ್ ಕಟ್ಟಿದ್ದಾರೆ. ನಿಂತ ಕಾರಿಗೆ ಮಹಡಿ ಮೇಲೆ ಮಹಡಿ, ಧರಣಿ ಕೂತವರಿಗೆ ಬಿಸಿಲು!

ನಾನು ಗಣೇಶಗುಡಿಯಿಂದ ದಾಂಡೇಲಿ, ಹುಬ್ಬಳ್ಳಿ ಮೇಲೆ ಬಸ್ಸಲ್ಲೇ ಬರತೀನಿ. ಕಾರಲ್ಲಿ ಹಿಡಿಯೂದು ಐದು ಜನ. ಆ ಐದರಲ್ಲಿ ಕೂಲಿ ಮಾಡೋ ಅಕ್ಕ ಇರೂದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ವೇಗದೂತ ಬಸ್ಸೂ ಉಚಿತ. ಅವಳನ್ನು ಬಿಟ್ಟು ಯಾರ ಹೋರಾಟ ಮಾಡತೀರಿ?

1929ರಲ್ಲಿ ಚಾಳೀಸಗಾಂವದ ಟಾಂಗಾದವರು ಬಾಬಾಸಾಹೇಬರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಓಡಿಸಲು ಬಾರದವರು ಓಡಿಸಿ, ಅವರು ಬಿದ್ದು ಕಾಲು ಮುರಿಯಿತು. ಗಾಡಿ ಖಾಸಗಿ, ಮರ್ಜಿಯೂ ಖಾಸಗಿ. ಸರ್ಕಾರಿ ಬಸ್ಸಿನಲ್ಲಿ ಜಾತಿ ಕೇಳಿ ಇಳಿಸೋ ಅಧಿಕಾರ ಯಾರಿಗೂ ಇಲ್ಲ. ಟಿಕೆಟ್ ಇದ್ದರೆ ಸಾಕು.

"ಟೈಮ್ ಉಳಿತೈತಿ" ಅಂತೀರಿ. ಯಾರ ಟೈಮು? ಒಂದು ಬಸ್ಸು ಕಡಿಮೆಯಾದರೆ ಜೋಯಿಡಾದ ಹಳ್ಳಿಯವರ ಇಡೀ ದಿನ ಹಾಳು. ಕಾರಿನವರು ಬಸ್ಸು ಕೇಳೂದಿಲ್ಲ; ಕೇಳದಿದ್ದರೆ ಬಸ್ಸು ಬರೂದಿಲ್ಲ.

ಮುಂದಿನ ಧರಣಿಗೆ ಬಸ್ಸಲ್ಲೇ ಬರ್ರಿ. ಬೇಡಿಕೆ ಪಟ್ಟಿಯಲ್ಲಿ ಊರಿನ ಬಸ್ಸನ್ನೂ ಬರೀರಿ. ಅದೂ ನಮ್ಮ ಹಕ್ಕು.