ಗುಜರಿಗೆ ಹಾಕುವ ಮುಂಚೆ ಒಮ್ಮೆ ಕಂಬಾರರ ಕಡೆ ನೋಡ್ರಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಗುಜರಿ ಗಾಡಿಯ ಕೂಗು ಕೇಳುತ್ತದೆ. ಅದು ಬಂತೆಂದರೆ ದನದ ಮನೆಯ ಮೂಲೆಯಲ್ಲಿದ್ದ ಕುಂಟಿಯ ಕುಡ, ಮುರಿದ ಕುಡಗೋಲು, ಚಕ್ಕಡಿಯ ಹಳಿ, ಹಿಡಿ ಹೋದ ಕೊಡಲಿ ಎಲ್ಲವೂ ತಕ್ಕಡಿ ಏರುತ್ತವೆ. ಕಿಲೋಗೆ ಇಷ್ಟು ಅಂತ ರೊಕ್ಕ ಕೈಗೆ ಬರುತ್ತದೆ. ಮಹಾನವಮಿ ದಿನ ಅದೇ ಸಾಮಾನಿಗೆ ಕುಂಕುಮ ಹಚ್ಚಿ ಖಂಡೆ ಪೂಜೆ ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ.

ಇದು ಹಳೇದರ ಮೇಲಿನ ಮೋಹದ ಮಾತಲ್ಲ. ಆ ತಕ್ಕಡಿಯಲ್ಲಿ ಹೋಗುವುದು ಬಹಳ ಸಲ ಒಳ್ಳೆಯ ಉಕ್ಕು. ನಾವು ಅದನ್ನು ಗುಜರಿ ದರಕ್ಕೆ ಕೊಟ್ಟು, ಸಂತೆಯಿಂದ ತೆಳು ತಗಡಿನ ಕುರ್ಚಿಗಿ ತರುತ್ತೇವೆ. ಎರಡು ದಿನ ಕಸ ತೆಗೆಯುವಷ್ಟರಲ್ಲಿ ಅದರ ಬಾಯಿ ಮಡಚಿಕೊಳ್ಳುತ್ತದೆ. ಅದನ್ನು ನೆಟ್ಟಗೆ ಮಾಡಿಕೊಡಲು ಊರಲ್ಲಿ ಕುಲುಮೆ ಇರುವುದಿಲ್ಲ. ಇದರ ನಷ್ಟ ಯಾರ ಕೈಗೆ ಬೀಳುತ್ತದೆ ಎಂದು ನೋಡಿದರೆ, ಉಳ್ಳಾಗಡ್ಡಿ, ಮೆಣಸಿನಕಾಯಿ ಹೊಲದಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವ ಹೆಣ್ಣುಮಕ್ಕಳ ಕೈಗೆ.

ನನ್ನ ವಾದ ಇಷ್ಟೇ: ಕಂಬಾರಿಕೆ ನಮ್ಮ ಭಾಗದಲ್ಲಿ ಉಳಿಯಬೇಕು. ಅದು ಒಂದೇ ಜಾತಿಯ, ಒಂದೇ ಮನೆತನದ ಹೆಗಲ ಮೇಲೆ ಉಳಿಯುವುದು ಬೇಡ. ಆಸಕ್ತಿ ಇರುವ ಯಾರಾದರೂ ಕಲಿಯುವಂತಹ, ಕಲಿಸಿದವರಿಗೆ ಸರಿಯಾಗಿ ರೊಕ್ಕ ಸಿಗುವಂತಹ ಕೆಲಸವಾಗಿ ಉಳಿಯಬೇಕು.

ಕುಲುಮೆ ಆರಿದ್ದು ಯಾಕೆ?

ಎತ್ತು ಕಡಿಮೆಯಾದದ್ದು ಮೊದಲ ಕಾರಣ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಎತ್ತು, ಹೋರಿ, ಗಂಡುಗರು ಸೇರಿ ಸುಮಾರು 6.8 ಕೋಟಿ ಇದ್ದವು. 2019ರ ಗಣತಿಗೆ ಅದು ಸುಮಾರು 4.7 ಕೋಟಿಗೆ ಇಳಿಯಿತು. ಏಳು ವರ್ಷದಲ್ಲಿ ಶೇಕಡಾ 30ರಷ್ಟು ಇಳಿಕೆ. ಎತ್ತು ಹೋದರೆ ರಂಟಿ, ಕುಂಟಿ, ಕೂರಿಗಿ, ಚಕ್ಕಡಿ ಎಲ್ಲವೂ ಹೋದ ಹಾಗೆ. ಅವೇ ಕಂಬಾರರ ಮತ್ತು ಬಡಿಗೇರರ ವರ್ಷದ ದುಡಿಮೆಯಾಗಿದ್ದವು.

ಎರಡನೇ ಕಾರಣವನ್ನು ನಾವು ಜೋರಾಗಿ ಹೇಳುವುದಿಲ್ಲ. ಅದು ಆಯ. ಊರಿನ ಆಯಗಾರರಲ್ಲಿ ಕಂಬಾರರೂ ಒಬ್ಬರು. ವರ್ಷವಿಡೀ ಕುಡ ಹಣಿದು ಕೊಡಬೇಕು, ಸುಗ್ಗಿ ಬಂದಾಗ ಕಣದ ಮುಂದೆ ನಿಂತು ಕಾಳು ಇಸಿದುಕೊಳ್ಳಬೇಕು. ಒಳ್ಳೆಯ ಮಳೆಯಾದರೆ ಚೀಲ, ಬರ ಬಿದ್ದರೆ ಬರೀ ಮಾತು. ನಮ್ಮದು ಬರ ಎಷ್ಟು ಸಲ ಬೀಳುವ ಸೀಮೆ ಎಂದು ನಿಮಗೆ ಹೇಳಬೇಕಿಲ್ಲ. ‘ಏ ಕಂಬಾರಣ್ಣ, ನಂದು ಮೊದಲ ಮಾಡಿಕೊಡು’ ಎಂದು ಬೆಳಿಗ್ಗೆ ಅವಸರ ಮಾಡಿದವರು, ಸುಗ್ಗಿಯಲ್ಲಿ ‘ಮುಂದಿನ ವರ್ಷ ನೋಡೋಣ ತಗೋ’ ಅನ್ನುತ್ತಿದ್ದರು. ಅಪ್ಪ ಹೀಗೆ ಕೈಯೊಡ್ಡಿ ನಿಂತದ್ದನ್ನು ನೋಡಿದ ಮಕ್ಕಳು ಚಮ್ಮಟಿಗೆ ಹಿಡಿಯಲಿಲ್ಲ ಅಂದರೆ ತಪ್ಪು ಅವರದಲ್ಲ. ಗದಗ, ಹುಬ್ಬಳ್ಳಿಯ ವೆಲ್ಡಿಂಗ್ ಶಾಪುಗಳಲ್ಲಿ ದಿನದ ಪಗಾರ ದಿನ ಕೈಗೆ ಬರುತ್ತದೆ.

ಹಾಗಾಗಿ ‘ಕಂಬಾರರು ಕುಲಕಸುಬು ಬಿಟ್ಟರು’ ಎಂದು ಕಟ್ಟೆಯ ಮೇಲೆ ಕೂತು ಮಾತಾಡುವ ಹಕ್ಕು ನಮಗಿಲ್ಲ. ಕಸುಬನ್ನು ಅವರು ಬಿಡುವ ಮೊದಲೇ ನಾವು ಅವರ ಕೂಲಿಯನ್ನು ಬಿಟ್ಟಿದ್ದೆವು.

ಅದರಲ್ಲಿ ಇದ್ದ ವಿದ್ಯೆ

ಚಕ್ಕಡಿ ಗಾಲಿಗೆ ಹಳಿ ಏರಿಸುವುದನ್ನು ಈಗಿನ ಹುಡುಗರು ನೋಡಿರುವುದು ಕಡಿಮೆ. ಹಳಿಯನ್ನು ಬೇಕೆಂದೇ ಗಾಲಿಗಿಂತ ಸ್ವಲ್ಪ ಸಣ್ಣದಾಗಿ ಮಾಡುತ್ತಾರೆ. ನೆಲದ ಮೇಲೆ ಮಲಗಿಸಿ ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ನಾಲ್ಕು ಮೀಟರ್ ಸುತ್ತಳತೆಯ ಹಳಿ 400 ಡಿಗ್ರಿಯಷ್ಟು ಕಾದರೆ ಸುಮಾರು 2 ಸೆಂಟಿಮೀಟರ್ ಉದ್ದವಾಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂಡಿಸಿ ಕೂಡಲೇ ನೀರು ಸುರಿದರೆ ಹಳಿ ಕುಗ್ಗಿ, ಕಟ್ಟಿಗೆಯ ಕೀಲುಗಳನ್ನೆಲ್ಲ ಬಿಗಿದು ಹಿಡಿಯುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ಉಷ್ಣದಿಂದ ಲೋಹಗಳ ಹಿಗ್ಗುವಿಕೆ’ ಎಂದು ಇರುವುದು ಇದೇ. ಎಷ್ಟು ಸಣ್ಣದು ಮಾಡಬೇಕು, ಯಾವಾಗ ಎತ್ತಬೇಕು ಎಂಬುದನ್ನು ಕಂಬಾರರು ಕಣ್ಣಳತೆಯಲ್ಲಿ ಹೇಳುತ್ತಿದ್ದರು.

ಹದ ಹಾಕುವುದು ಇದಕ್ಕಿಂತ ನಾಜೂಕಿನ ಕೆಲಸ. ಉಕ್ಕನ್ನು ಕೆಂಪಗೆ ಕಾಸಿ ತಟ್ಟನೆ ತಣಿಸಿದರೆ ಗಟ್ಟಿಯಾಗುತ್ತದೆ. ಆದರೆ ಗಾಜಿನ ಹಾಗೆ ಒಡೆಯುತ್ತದೆ ಕೂಡ. ಅದಕ್ಕೆ ಮತ್ತೆ ಸ್ವಲ್ಪ ಕಾಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಬಾಯಿಯ ಮೇಲೆ ಬಣ್ಣ ಓಡುತ್ತದೆ: ಮೊದಲು ಗೋಧಿ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ. ಹಳದಿ ಬರುವುದು ಸುಮಾರು 220 ಡಿಗ್ರಿಗೆ, ನೀಲಿ ಸುಮಾರು 300ಕ್ಕೆ. ಹರಿತ ನಿಲ್ಲಬೇಕಾದ ಉಳಿಗೆ ಹಳದಿಯಲ್ಲಿ ನಿಲ್ಲಿಸಬೇಕು. ಪೆಟ್ಟು ತಿನ್ನುವ ಕೊಡಲಿಗೆ ನೇರಳೆ, ನೀಲಿಯ ತನಕ ಬಿಡಬೇಕು. ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡುವವರನ್ನು ನಾವು ಓದಿಲ್ಲದವರು ಎಂದು ಕರೆದೆವು.

ಈ ನೆಲಕ್ಕೆ ಕಬ್ಬಿಣದ ನಂಟು ಹಳೆಯದು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಬ್ಬಿಣ ಮೂರು ಸಾವಿರ ವರ್ಷದಷ್ಟು ಹಿಂದಿನದು. 1857ರಲ್ಲಿ ಆಯುಧ ಒಪ್ಪಿಸಿ ಎಂದು ಇಂಗ್ಲಿಷರು ಹೇಳಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದು ನಿಂತರು. 1858ರಲ್ಲಿ ನರಗುಂದದ ಬಾಬಾಸಾಹೇಬರ ಬಂಡಾಯವಾಯಿತು. ಅಂದು ಕೈಯಲ್ಲಿನ ಕಬ್ಬಿಣವನ್ನು ಕಸಿಯಲು ಸರ್ಕಾರ ಬರಬೇಕಾಯಿತು. ಇಂದು ನಾವೇ ತೂಕ ಹಾಕಿ ಕೊಡುತ್ತಿದ್ದೇವೆ.

‘ಟ್ರ್ಯಾಕ್ಟರ್ ಬಂದಾಗ ಕಂಬಾರ ಯಾಕೆ?’

ಈ ಪ್ರಶ್ನೆ ಬಂದೇ ಬರುತ್ತದೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಸರಿ. ಉಳ್ಳಾಗಡ್ಡಿಯ ಕಸಕ್ಕೆ ಬಂದಿದೆಯೇ? ಬದುವಿನ ಜಾಲಿ ಕಡಿಯಲು, ಮೇವು ಕೊಯ್ಯಲು, ಬಿಳಿಜೋಳ ಮುರಿಯಲು, ಗುಂಡಿ ತೋಡಲು ಈಗಲೂ ಕೈ ಸಾಮಾನೇ ಬೇಕು. ಟ್ರ್ಯಾಕ್ಟರಿನ ಕಲ್ಟಿವೇಟರ್ ಹಲ್ಲು ಸಹ ಎರಿ ಹೊಲದಲ್ಲಿ ಸವೆಯುತ್ತದೆ. ಅದನ್ನೂ ಯಾರಾದರೂ ಹಣಿಯಲೇಬೇಕು.

‘ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ’ ಎನ್ನುವವರಿದ್ದಾರೆ. ಸಿಗುತ್ತದೆ, ಆದರೆ ಎಲ್ಲರಿಗೂ ಒಂದೇ ಅಳತೆ. ಐದು ಅಡಿ ಎತ್ತರದ ಅಕ್ಕನಿಗೂ ಆರು ಅಡಿಯ ಅಣ್ಣನಿಗೂ ಅದೇ ಹಿಡಿ, ಅದೇ ತೂಕ. ಕಂಬಾರರ ಮುಂದೆ ನಿಂತು ‘ಇದರ ಬಾಯಿ ಇನ್ನಷ್ಟು ಬಾಗಿಸ್ರಿ, ಹಿಡಿ ಸಣ್ಣದು ಹಾಕ್ರಿ’ ಅನ್ನಬಹುದು. ಆನ್‌ಲೈನ್ ಸಾಮಾನಿಗೆ ಹಾಗೆ ಹೇಳಲು ಆಗುವುದಿಲ್ಲ.

ಬೇಡಿಕೆ ಇದೆ ಎಂಬುದಕ್ಕೆ ಸಾಕ್ಷಿ ರಸ್ತೆ ಬದಿಯಲ್ಲೇ ಇದೆ. ಮಧ್ಯಪ್ರದೇಶ, ರಾಜಸ್ಥಾನ ಕಡೆಯ ಅಲೆಮಾರಿ ಕಮ್ಮಾರ ಕುಟುಂಬಗಳು ಉತ್ತರ ಕರ್ನಾಟಕದ ಊರುಗಳಿಗೆ ಬಂದು ತಾಡಪತ್ರಿ ಕಟ್ಟಿ ಕುಲುಮೆ ಹೂಡುತ್ತಾರೆ. ಹೆಣ್ಣುಮಕ್ಕಳೇ ಚಮ್ಮಟಿಗೆ ಎತ್ತಿ ಬಡಿಯುತ್ತಾರೆ. ಕೊಡಲಿ, ಕುಡಗೋಲು ಕಣ್ಣೆದುರೇ ಆಗುತ್ತವೆ, ಜನ ನಿಂತು ಕೊಳ್ಳುತ್ತಾರೆ. ಅಷ್ಟು ದೂರದಿಂದ ಬಂದವರಿಗೆ ಇಲ್ಲಿ ಕೆಲಸ ಇದೆ ಅಂದರೆ, ಇಲ್ಲಿಯವರಿಗೆ ಇಲ್ಲ ಎಂದು ಹೇಗೆ ಹೇಳುವುದು?

ಹವ್ಯಾಸಕ್ಕೂ ಬೆಲೆ ಇದೆ

ಅಮೆರಿಕದಲ್ಲೂ ಕಾರು, ಕಾರ್ಖಾನೆ ಬಂದ ಮೇಲೆ ಹಳ್ಳಿ ಕುಲುಮೆಗಳು ಆರಿದ್ದವು. 1973ರಲ್ಲಿ ಅಲ್ಲಿ ಕಮ್ಮಾರಿಕೆಯಲ್ಲಿ ಆಸಕ್ತಿ ಇದ್ದವರು ಸೇರಿ ಒಂದು ಸಂಘ ಕಟ್ಟಿದರು. ಬೇರೆ ಬೇರೆ ಕೆಲಸದಲ್ಲಿದ್ದವರು ರಜೆಯ ದಿನ ಕಬ್ಬಿಣ ಬಡಿಯಲು ಕಲಿತರು. ಹಳೆಯ ಅಡಿಗಲ್ಲು, ಇಕ್ಕಳ ಹುಡುಕಿ ತಂದು ತುಕ್ಕು ಬಿಡಿಸಿದರು. ಹವ್ಯಾಸಿಗಳ ಕೈಯಲ್ಲಿ ಆ ವಿದ್ಯೆ ಮತ್ತೆ ಬದುಕಿತು. ಇಂಗ್ಲೆಂಡಿನ ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಎಂಬ ಸಂಸ್ಥೆ ಜನ ಬಿಸಾಕಿದ ಕೈ ಸಾಮಾನು ಕೂಡಿಸಿ, ಸರಿಮಾಡಿ ಆಫ್ರಿಕಾದ ಕಸುಬುದಾರರಿಗೆ ಕಳಿಸುತ್ತ ಬಂದಿದೆ.

ನಮ್ಮ ಹುಡುಗರೂ ಮೊಬೈಲಿನಲ್ಲಿ ಚಾಕು ಮಾಡುವ ವಿಡಿಯೋ ರಾತ್ರಿಯೆಲ್ಲ ನೋಡುತ್ತಾರೆ. ನೋಡಲಿ. ಆದರೆ ಕೈ ಹಚ್ಚುವಾಗ ಕತ್ತಿ, ಲಾಂಗು ಬೇಡ. ಅದು ಶಸ್ತ್ರಾಸ್ತ್ರ ಕಾನೂನಿನ ದಾರಿ ಹಿಡಿಯುತ್ತದೆ. ಅವ್ವನ ಕೈಗೆ ಹೊಂದುವ ಒಂದು ಕುರ್ಚಿಗಿ ಮಾಡಲಿ. ಶುರು ಮಾಡುವವರಿಗೆ ಕೆಲವು ಮಾತು:

– ಲಾರಿ, ಟ್ರೇಲರಿನ ಹಳೇ ಕಮಾನು ಪಟ್ಟಿ ಒಳ್ಳೆಯ ಉಕ್ಕು, ಹದ ಹಿಡಿಯುತ್ತದೆ. ಸವೆದ ಅರವೂ ಹಾಗೆಯೇ. ಇವನ್ನು ಗುಜರಿಗೆ ಕೊಡಬೇಡಿ.

– ಉಕ್ಕು ಯಾವುದು ಎಂದು ತಿಳಿಯಲು ಗ್ರೈಂಡರಿಗೆ ಹಿಡಿಯಿರಿ. ಕಿಡಿ ನಕ್ಷತ್ರದ ಹಾಗೆ ಒಡೆದರೆ ಹದ ಹಿಡಿಯುವ ಉಕ್ಕು. ಬರೀ ಉದ್ದ ಗೆರೆಯಾಗಿ ಹಾರಿದರೆ ಮೆತ್ತನೆ ಕಬ್ಬಿಣ.

– ತುಕ್ಕು ಹಿಡಿದ ಸಾಮಾನನ್ನು ಹುಣಸೆ ನೀರಿನಲ್ಲಿ ಒಂದು ರಾತ್ರಿ ನೆನೆಸಿ ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು ಒಣಗಿಸಿ ಎಣ್ಣೆ ಹಚ್ಚಿ.

– ಹರಿತ ಮಾಡುವಾಗ ಗ್ರೈಂಡರಿಗೆ ಒತ್ತಿ ಹಿಡಿಯಬೇಡಿ. ಬಾಯಿ ನೀಲಿಗಟ್ಟಿತೆಂದರೆ ಹದ ಇಳಿಯಿತು ಎಂದರ್ಥ. ಆಗಾಗ ನೀರಿಗೆ ಅದ್ದಿ.

– ಹಿಡಿಗೆ ಚೆನ್ನಾಗಿ ಒಣಗಿದ, ನೆಟ್ಟಗೆ ಎಳೆ ಇರುವ ಕರಿಜಾಲಿ ಬಳಸಿ. ಹಸಿ ಕಟ್ಟಿಗೆ ಒಣಗಿ ಸಡಿಲಾಗುತ್ತದೆ.

– ಸತುವಿನ ಲೇಪದ ಪೈಪು, ತಗಡನ್ನು ಕುಲುಮೆಗೆ ಹಾಕಲೇಬೇಡಿ, ಅದರ ಹೊಗೆ ವಿಷ. ಕಣ್ಣಿಗೆ ಕನ್ನಡಕ ಇರಲಿ, ಮುಚ್ಚಿದ ಕೋಣೆಯಲ್ಲಿ ಬೆಂಕಿ ಬೇಡ.

ಎಲ್ಲಕ್ಕಿಂತ ಮುಖ್ಯ, ವಿಡಿಯೋ ನೋಡಿ ಸುಮ್ಮನಾಗದೆ ಹತ್ತಿರದ ಕಂಬಾರ ಕಾಕಾರ ಹತ್ತಿರ ಹೋಗಿ. ತಿದಿ ಒತ್ತುವುದರಿಂದ, ಈಗಿನ ಕಾಲದಲ್ಲಿ ಬ್ಲೋವರ್ ತಿರುಗಿಸುವುದರಿಂದ ಶುರು ಮಾಡಿ. ಕಲಿಸಿದ್ದಕ್ಕೆ ರೊಕ್ಕ ಕೊಡಿ. ಕಂಪ್ಯೂಟರ್ ಕ್ಲಾಸಿಗೆ ಫೀಸು ಕೊಡುವವರು ಕುಲುಮೆಯ ಪಾಠ ಪುಕ್ಕಟೆ ಕೇಳುವುದು ಸರಿಯಲ್ಲ.

ಪಂಚಾಯ್ತಿ ಏನು ಮಾಡಬೇಕು?

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಸುತ್ತಿಗೆ ಮತ್ತು ಸಲಕರಣೆ ತಯಾರಿಕೆಯೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಅರ್ಜಿಯ ಮೊದಲ ಪರಿಶೀಲನೆ ಗ್ರಾಮ ಪಂಚಾಯ್ತಿಯದೇ. ಈ ಯೋಜನೆಯಲ್ಲಿ ಜಾತಿ ಕೇಳುವುದಿಲ್ಲ, ಕಸುಬು ಕೇಳುತ್ತಾರೆ. ಆದ್ದರಿಂದ ನಿಜಕ್ಕೂ ಬೆಂಕಿ ಮುಂದೆ ಕೂರುವವರ ಹೆಸರು ಮೊದಲು ಹೋಗುವ ಹಾಗೆ ನೋಡಿಕೊಳ್ಳುವುದು ಸದಸ್ಯರ ಕೆಲಸ. ಗ್ರಾಮಸಭೆಯಲ್ಲಿ ಎದ್ದು ನಿಂತು ಪಟ್ಟಿ ಓದಿಸಿರಿ.

ಆದರೆ ಕಿಟ್ಟು ಬಂದರೆ ಕುಲುಮೆ ಉಳಿಯಿತು ಎಂದಲ್ಲ. ಜಾಗ ಬೇಕು, ಕೆಲಸ ಬೇಕು. ಪಂಚಾಯ್ತಿ ಮಳಿಗೆ ಕಟ್ಟಿ ಹರಾಜು ಹಾಕುವಾಗ ಒಂದು ತಗಡಿನ ಶೆಡ್ಡನ್ನು ಕಂಬಾರಿಕೆಗೆ, ಬಡಿಗತನಕ್ಕೆ ಕಡಿಮೆ ಬಾಡಿಗೆಗೆ ಬಿಡಲಿ. ಉದ್ಯೋಗ ಖಾತ್ರಿಗೆ, ಶಾಲೆಯ ತೋಟಕ್ಕೆ ಬೇಕಾದ ಸಲಿಕೆ, ಗುದ್ದಲಿಗಳ ರಿಪೇರಿ ಅಲ್ಲಿಯೇ ಆಗಲಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂತಹ ಕಡೆ ದೊಡ್ಡ ಯಂತ್ರಗಳ ಜೊತೆಗೆ ಹೆಣ್ಣುಮಕ್ಕಳ ಕೈ ಸಾಮಾನಿನ ಬಗ್ಗೆಯೂ ಮಾತು ನಡೆಯಲಿ. ಆ ಮಾತಿಗೆ ಕಸ ತೆಗೆಯುವವರನ್ನೂ ಕಂಬಾರರನ್ನೂ ಎದುರುಬದುರು ಕೂರಿಸಲಿ.

ರೈತರಾಗಿ ನಮ್ಮ ಪಾಲಿನದು ಇನ್ನೂ ಸರಳ. ಸಾಮಾನು ಇಸಿದುಕೊಂಡ ದಿನವೇ ರೊಕ್ಕ ಕೊಡುವುದು. ಫೋನ್‌ಪೇ ಎಲ್ಲರ ಕೈಯಲ್ಲೂ ಇದೆ, ಸುಗ್ಗಿಯವರೆಗೆ ಕಾಯಿಸುವ ಅಗತ್ಯ ಇಲ್ಲ.

ನಿಮ್ಮ ಊರಿನಲ್ಲಿ ಇನ್ನೂ ಉರಿಯುವ ಕುಲುಮೆ ಇದೆಯೇ? ಇದ್ದರೆ ಈ ಹಿಂಗಾರಿ ಬಿತ್ತನೆಗೆ ಮುಂಚೆ ಮನೆಯ ಹಳೇ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಲ್ಲಿಗೆ ಒಯ್ಯಿರಿ. ಯಾವುದು ಉಳಿಯುತ್ತದೆ, ಯಾವುದು ಇಲ್ಲ ಎಂದು ಅವರೇ ಬಡಿದು ಶಬ್ದ ಕೇಳಿ ಹೇಳುತ್ತಾರೆ. ಅವರು ಬೇಡ ಅಂದದ್ದನ್ನು ಮಾತ್ರ ಗುಜರಿಗೆ ಹಾಕಿರಿ.