ದಾರಿ ಹೇಳುವ ಫೋನಿಗೆ ಕರೆ ಬರಬಾರದು

ಹೊಸದಾಗಿ ಕಾರು ಕೊಂಡವರು, ಪಿಕಪ್ ಗಾಡಿ ತಂದು ಬಾಡಿಗೆ ಶುರು ಮಾಡಿದವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ದಾರಿ ತೋರಿಸೋಕೆ ಒಂದು ಜಿಪಿಎಸ್ ಹಾಕಿಸಬೇಕು, ಯಾವುದು ತಗೊಳ್ಳೋದು?" ಸುದ್ದಿಗೆಂದು ಊರೂರು ಸುತ್ತುವವರಿಗೆ ಇದೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. ಅಂಗಡಿಯಲ್ಲಿ ಕೇಳಿದರೆ ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೋ ತೋರಿಸುತ್ತಾರೆ. ಹಾಡು, ಸಿನಿಮಾ, ಹಿಂಬದಿ ಕ್ಯಾಮೆರಾ ಎಲ್ಲವೂ ಅದರಲ್ಲಿ ಇರುತ್ತದೆ.

ನಮ್ಮ ಸಲಹೆ ಬೇರೆ. ಮೊದಲ ಸಲಕ್ಕೆ ಏನನ್ನೂ ಕೊಳ್ಳಬೇಡಿ. ಮನೆಯ ಕಪಾಟಿನಲ್ಲಿ ಬಿದ್ದಿರುವ ಹಳೆಯ ಸ್ಮಾರ್ಟ್‌ಫೋನ್ ಹೊರತೆಗೆಯಿರಿ. ಅದಕ್ಕೆ ಸಿಮ್ ಹಾಕಬೇಡಿ. ನಕ್ಷೆ ತುಂಬಿಸಿ, ಗಟ್ಟಿಯಾದ ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ದಾರಿಗೆಂದೇ ಮೀಸಲಿಡಿ.

ಸಿಮ್ ಇಲ್ಲದೆ ಜಿಪಿಎಸ್ ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಜಿಪಿಎಸ್‌ಗೂ ಇಂಟರ್ನೆಟ್ಟಿಗೂ ನಾವು ಗಂಟು ಹಾಕಿಬಿಟ್ಟಿದ್ದೇವೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತವನ್ನು ಬಿತ್ತರಿಸುತ್ತಲೇ ಇರುತ್ತವೆ. ಫೋನು ರೇಡಿಯೋದ ಹಾಗೆ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಇದಕ್ಕೆ ಡೇಟಾ ಬೇಡ, ರೀಚಾರ್ಜ್ ಬೇಡ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳುವುದಕ್ಕೆ ಮತ್ತು ಟ್ರಾಫಿಕ್ ತಿಳಿಯುವುದಕ್ಕೆ. ನಕ್ಷೆಯನ್ನು ಮನೆಯ ವೈಫೈಯಲ್ಲೋ ಇನ್ನೊಂದು ಫೋನಿನ ಹಾಟ್‌ಸ್ಪಾಟಿನಲ್ಲೋ ಮೊದಲೇ ಇಳಿಸಿಟ್ಟುಕೊಂಡರೆ ಘಾಟಿಯ ನಡುವೆ ಟವರ್ ಹೋದರೂ ದಾರಿ ಹೋಗುವುದಿಲ್ಲ.

ಒಂದು ವ್ಯತ್ಯಾಸವಿದೆ. ಸಿಮ್ ಇರುವ ಫೋನು ಉಪಗ್ರಹಗಳು ಎಲ್ಲೆಲ್ಲಿವೆ ಎಂಬ ಮಾಹಿತಿಯನ್ನು ನೆಟ್‌ವರ್ಕಿನಿಂದ ತಕ್ಷಣ ತರಿಸಿಕೊಳ್ಳುತ್ತದೆ. ಸಿಮ್ ಇಲ್ಲದ್ದು ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಹಾಗಾಗಿ ಹೊರಡುವ ಮೊದಲು ಅಂಗಳದಲ್ಲಿ, ಆಕಾಶ ಕಾಣುವ ಕಡೆ, ಕೆಲವು ನಿಮಿಷ ಆನ್ ಮಾಡಿಡಿ. ಗಾಡಿಯ ಗಾಜು ಒರೆಸಿ, ಚಕ್ರದ ಗಾಳಿ ನೋಡುವಷ್ಟರಲ್ಲಿ ಅದು ಸಿದ್ಧವಾಗಿರುತ್ತದೆ.

ಇಷ್ಟೆಲ್ಲ ಯಾಕೆ, ಜೇಬಿನಲ್ಲಿರುವ ಫೋನೇ ಸಾಲದೆ ಎನ್ನಬಹುದು. ನಮ್ಮ ಮುಖ್ಯ ತಕರಾರು ಇರುವುದೇ ಅಲ್ಲಿ. ಜೇಬಿನ ಫೋನು ದಾರಿ ಹೇಳುವುದರ ಜೊತೆಗೆ ಇನ್ನೂ ಹತ್ತು ಕೆಲಸ ಮಾಡುತ್ತದೆ. ಎಡಕ್ಕೆ ತಿರುಗಬೇಕಾದ ಜಾಗದಲ್ಲೇ ಬಾಡಿಗೆಯವರ ಕರೆ ಬಂದು ನಕ್ಷೆಯನ್ನು ಮುಚ್ಚುತ್ತದೆ. ವಾಟ್ಸಾಪ್ ಗುಂಪಿನ ಶುಭೋದಯ ಪರದೆಯ ಮೇಲಿಂದ ಇಳಿಯುತ್ತದೆ. ಕೈ ತಾನಾಗಿ ಅತ್ತ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಕಣ್ಣು ತಪ್ಪಿದರೆ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ಹಳ್ಳಿ ರಸ್ತೆಯಲ್ಲಿ ಅಷ್ಟು ದೂರದೊಳಗೆ ದನ, ಸೈಕಲ್, ಶಾಲೆಯ ಮಕ್ಕಳು ಯಾರು ಬೇಕಾದರೂ ಇರಬಹುದು.

ಕಾನೂನೂ ಇದನ್ನೇ ಹೇಳುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಚಾಲಕರ ಗಮನ ಕೆಡದ ರೀತಿಯಲ್ಲಿ. ಸಿಮ್ ಇಲ್ಲದ ಫೋನಿನಲ್ಲಿ ಈ ನಿಯಮ ಪಾಲಿಸಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗಿಲ್ಲ. ಅದಕ್ಕೆ ಕರೆಯೇ ಬರುವುದಿಲ್ಲ. ಹಿಂದೆ ಗಾರ್ಮಿನ್, ಮ್ಯಾಪ್‌ಮೈಇಂಡಿಯಾ ಹೆಸರಿನಲ್ಲಿ ಡ್ಯಾಶ್‌ಬೋರ್ಡಿಗೆ ಅಂಟಿಸುವ ಪುಟ್ಟ ಸಾಧನಗಳು ಬರುತ್ತಿದ್ದವು. ದಾರಿ ಹೇಳುವುದು ಬಿಟ್ಟರೆ ಬೇರೆ ಗೀಳು ಅವಕ್ಕಿರಲಿಲ್ಲ. ಆ ಗುಣವನ್ನು ಹಳೆಯ ಫೋನಿನಲ್ಲಿ ಮರಳಿ ಪಡೆಯಬಹುದು ಎಂಬುದೇ ನಮ್ಮ ವಾದ.

ಮನೆಯಲ್ಲಿ ಹಳೆಯ ಫೋನ್ ಇಲ್ಲದೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಬೇಡಿ. ಅಂಗಡಿಯಿಂದ ಹೊರಗೆ ಬಂದು ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ನೋಡಿ. ಚಾರ್ಜರ್ ಪಿನ್ ಸಡಿಲವಾಗಿದ್ದರೆ ಬೇಡ, ಗುಂಡಿ ರಸ್ತೆಯಲ್ಲಿ ಅದು ನಿಲ್ಲುವುದಿಲ್ಲ. ಬ್ಯಾಟರಿ ಉಬ್ಬಿದ್ದರೆ ಮುಟ್ಟಲೇಬೇಡಿ. ನಮ್ಮ ಇಸ್ರೋದ ನಾವಿಕ್ ಇದೆಯೇ ಎಂದು ಕೇಳುವವರೂ ಇದ್ದಾರೆ. ಇದ್ದರೆ ಒಳ್ಳೆಯದು, ಆದರೆ ಅದಕ್ಕೆಂದು ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. 2013ರಿಂದ ಹಾರಿಸಿದ ಆ ಸರಣಿಯ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟು, ಈಗ ಅವುಗಳ ಜಾಗಕ್ಕೆ ಹೊಸ ಪೀಳಿಗೆಯವನ್ನು ಕಳಿಸುವ ಕೆಲಸ ನಡೆದಿದೆ.

ನಕ್ಷೆಯ ವಿಷಯಕ್ಕೆ ಬರೋಣ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಓಡಾಟದ ಪ್ರದೇಶವನ್ನು ಆಯ್ದು ಇಳಿಸಿಕೊಳ್ಳಬಹುದು, ಆಗಾಗ ಹೊಸದು ಮಾಡಿಕೊಳ್ಳುತ್ತಿರಬೇಕು. ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್ ಮೊದಲಿನಿಂದಲೂ ಇಂಟರ್ನೆಟ್ ಇಲ್ಲದೆ ಓಡುವುದಕ್ಕೆಂದೇ ಮಾಡಿದ್ದು, ಜಾಹೀರಾತೂ ಇಲ್ಲ. ಆದರೆ ಅದು ನಿಂತಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯ ಮೇಲೆ. ನಿಮ್ಮ ಊರನ್ನು ಯಾರೂ ಬರೆದಿರದಿದ್ದರೆ ಅಲ್ಲಿ ಊರು ಇರುವುದಿಲ್ಲ. ಎರಡನ್ನೂ ಹಾಕಿ ನಿಮ್ಮ ಹಳ್ಳಿಯನ್ನು ಹುಡುಕಿ ನೋಡಿ, ಯಾವುದು ಸರಿಯಾಗಿ ತೋರಿಸುತ್ತದೋ ಅದನ್ನೇ ಇಟ್ಟುಕೊಳ್ಳಿ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಗೊತ್ತಿರುವ ದಾರಿಯಲ್ಲೇ ಒಂದು ಸುತ್ತು ಹೋಗಿಬನ್ನಿ. ಧ್ವನಿ ಕನ್ನಡದಲ್ಲಿ ಬರುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ. "ಬಲಕ್ಕೆ ತಿರುಗಿ" ಎಂಬುದು ಅರ್ಥವಾಗುವ ಭಾಷೆಯಲ್ಲಿ ಕಿವಿಗೆ ಬಿದ್ದರೆ ಕಣ್ಣು ರಸ್ತೆಯ ಮೇಲೆ ಉಳಿಯುತ್ತದೆ.

ಹೋಗಬೇಕಾದ ಊರನ್ನು ತುಂಬುವಾಗ ತಾಲ್ಲೂಕನ್ನೂ ಸೇರಿಸಿ. ಹೊಸಹಳ್ಳಿ, ಹೊಸೂರುಗಳು ನಮ್ಮ ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟಿವೆ. ಬರೀ ಹೊಸಹಳ್ಳಿ ಎಂದರೆ ಯಂತ್ರ ತನಗೆ ತೋಚಿದ ಹೊಸಹಳ್ಳಿಗೆ ಕರೆದುಕೊಂಡು ಹೋಗುತ್ತದೆ. ಒಮ್ಮೆ ಹೋದ ತೋಟ, ಗೋದಾಮು, ನೆಂಟರ ಮನೆಗಳನ್ನು ಅಲ್ಲೇ ಗುರುತು ಹಾಕಿ ಉಳಿಸಿಕೊಳ್ಳಿ. ಸ್ಟ್ಯಾಂಡನ್ನು ಗಾಜಿನ ಮಧ್ಯಕ್ಕೆ ಅಂಟಿಸದೆ ಕೆಳಗೆ, ನೋಟಕ್ಕೆ ಅಡ್ಡ ಬಾರದ ಕಡೆ ಇಡಿ. ಗಾಡಿ ನಿಲ್ಲಿಸಿದಾಗ ಫೋನನ್ನು ಬಿಸಿಲಿಗೆ ಬಿಡಬೇಡಿ.

ಬಾಡಿಗೆ ಗಾಡಿಯವರಿಗೆ ಇನ್ನೊಂದು ಮಾತು. ಬಸ್ಸು, ಟ್ಯಾಕ್ಸಿಗಳಿಗೆ ಕಡ್ಡಾಯ ಮಾಡಿರುವ, ತುರ್ತು ಗುಂಡಿ ಇರುವ ಪೆಟ್ಟಿಗೆಯನ್ನೂ ಜನ ಜಿಪಿಎಸ್ ಎಂದೇ ಕರೆಯುತ್ತಾರೆ. ಗಾಡಿ ಎಲ್ಲಿದೆ ಎಂದು ಬೇರೆಯವರಿಗೆ ತಿಳಿಸುವುದು ಅದರ ಕೆಲಸ. ನಿಮಗೆ ದಾರಿ ಹೇಳುವುದು ಅದರ ಕೆಲಸವಲ್ಲ. "ಜಿಪಿಎಸ್ ಆಗಲೇ ಇದೆಯಲ್ಲ" ಎಂದುಕೊಂಡು ಕೂರಬೇಡಿ.

ನಮ್ಮ ಸಲಹೆಗೆ ಮಿತಿಯೂ ಇದೆ. ಬೆಂಗಳೂರಿನೊಳಗೆ ದಿನವಿಡೀ ಓಡಿಸುವವರಿಗೆ ಟ್ರಾಫಿಕ್ ಮಾಹಿತಿ ಬೇಕೇ ಬೇಕು. ಅವರು ಜೇಬಿನ ಫೋನಿನಿಂದ ಹಾಟ್‌ಸ್ಪಾಟ್ ಕೊಡಬಹುದು. ದಿನಕ್ಕೆ ಎಂಟು ಹತ್ತು ಗಂಟೆ ಗಾಡಿಯಲ್ಲೇ ಇರುವವರಿಗೆ ಹಳೆಯ ಫೋನು ಬಿಸಿಯಾಗಿ ಸಾಕಾಗಬಹುದು. ಅಂಥವರು ಕೆಲವು ತಿಂಗಳು ಬಳಸಿ, ತಮಗೆ ಏನು ಬೇಕೆಂದು ತಿಳಿದ ಮೇಲೆ ದೊಡ್ಡ ಪರದೆ ಕೊಳ್ಳಲಿ.

ಇದಕ್ಕಿಂತ ದೊಡ್ಡ ಮಿತಿ ಯಾವ ಬೆಲೆಯ ಸಾಧನ ಕೊಂಡರೂ ಉಳಿಯುತ್ತದೆ. ಫೋನಿನ ನಕ್ಷೆ ಕಾರೇ, ಬೈಕೇ, ನಡಿಗೆಯೇ ಎಂದು ಕೇಳುತ್ತದೆ. ಲಾರಿಯೇ ಎಂದು ಕೇಳುವುದಿಲ್ಲ. 14 ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ಪ್ರವೇಶವಿಲ್ಲ ಎಂಬುದು ನಮ್ಮ ಕಡೆಯವರಿಗೆ ಗೊತ್ತು, ಹೊರಗಿನ ಚಾಲಕನಿಗೆ ಗೊತ್ತಿರಬೇಕಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ಹಿಂದಿನ ವಾರ ಇಳಿಸಿಟ್ಟ ನಕ್ಷೆಗೆ ಅದು ಆಗಲೂ ತೆರೆದ ರಸ್ತೆಯೇ. ಅದೇ ವರ್ಷ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಪ್ರವಾಹಕ್ಕೆ ಒಂದು ಭಾಗ ಕುಸಿದಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ನಕ್ಷೆ ಆ ದಾರಿ ತೋರಿಸಿತ್ತು ಎಂಬುದು ಸುದ್ದಿಯಾಯಿತು. ಸೇತುವೆಯ ಬಾಯಿಗೆ ಗಟ್ಟಿಯಾದ ಅಡ್ಡಗಟ್ಟೆ ಇದ್ದಿದ್ದರೆ ನಕ್ಷೆಯ ತಪ್ಪು ಮೂರು ಜೀವ ತೆಗೆಯುತ್ತಿರಲಿಲ್ಲ.

ಆದ್ದರಿಂದ ಮಳೆಗಾಲದಲ್ಲಿ ಘಾಟಿ ಇಳಿಯುವ ಮುನ್ನ ಆ ದಿನದ ಸ್ಥಳೀಯ ಸುದ್ದಿ ನೋಡಿ, ಇಲ್ಲವೇ ಕೊನೆಯ ಪೇಟೆಯ ಪೆಟ್ರೋಲ್ ಬಂಕಿನಲ್ಲಿ, ಚಹಾದಂಗಡಿಯಲ್ಲಿ ಒಂದು ಮಾತು ಕೇಳಿ. ಮುಂದಿನ ರಸ್ತೆ ಮಣ್ಣು, ಕಾಡು, ಕತ್ತಲೆ ಎಂದು ಕಂಡರೆ ಯಂತ್ರ ಏನೇ ಹೇಳಲಿ, ಗಾಡಿ ತಿರುಗಿಸಿ.

ನಮ್ಮ ವೃತ್ತಿಯವರಿಗೂ ಇಲ್ಲಿ ಕೆಲಸವಿದೆ. ಜಿಲ್ಲಾಧಿಕಾರಿಗಳು ಘಾಟಿ ಬಂದ್ ಮಾಡಿ ಹೊರಡಿಸುವ ಆದೇಶವನ್ನು ನಾವು ಜಿಲ್ಲಾ ಪುಟಕ್ಕೆ ಕಳಿಸಿ ಕೈ ತೊಳೆದುಕೊಳ್ಳುತ್ತೇವೆ. ಆ ಪುಟ ಓದುವವನು ಆ ದಾರಿಯಲ್ಲೇ ಇರುವವನು, ಅವನಿಗೆ ಅದು ಮೊದಲೇ ಗೊತ್ತು. ಗೊತ್ತಿಲ್ಲದವನು ವಿಜಯಪುರದಿಂದಲೋ ಸೊಲ್ಲಾಪುರದಿಂದಲೋ ಹೊರಟಿರುತ್ತಾನೆ. ರಸ್ತೆ ಬಂದ್ ಆಗಿದೆ ಎಂದು ನಕ್ಷೆಯಲ್ಲೇ ವರದಿ ಮಾಡುವ ಸೌಲಭ್ಯ ಯಾರಿಗೂ ಉಂಟು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹಳ್ಳಿಯ ಹೆಸರನ್ನು ಕನ್ನಡದಲ್ಲೇ ಸೇರಿಸಲೂ ಬರುತ್ತದೆ. ಇಲಾಖೆಗಳು ಆದೇಶದ ಜೊತೆಗೇ ಇದನ್ನು ಮಾಡಬೇಕು. ಅವರು ಮಾಡುವವರೆಗೆ, ಸುದ್ದಿ ಕಳಿಸುವ ನಾವೇ ಐದು ನಿಮಿಷ ಹೆಚ್ಚು ಕೂತು ಮಾಡಬಹುದು.